ಮಬ್ಬು ಬೆಳಕು ಮತ್ತು ಕೋವಿಯ ದುರ್ಬೀನು

ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು ಕತ್ತಲೆಯನ್ನು ಬೆಳಕು ಮಾಡಿ ತೋರಿಸುವುದೆಂದು ನಂಬಿದವರು ಬಹಳ ಮಂದಿ. ಹಾಗೇನೂ ಇಲ್ಲ, ಅದು ಮಾಡುವ ಕೆಲಸವೇ ಬೇರೆ. ನಾನು ಕೋವಿ ಹಿಡಿದವನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ನಮ್ಮ ದೇಶದಲ್ಲಿ ವಿನೋದದ ಬೇಟೆಗೆ ಎಡೆಯೂ ಉಳಿದಿಲ್ಲ. ಆದರೂ ಮಸೂರದ ಸೂತ್ರಗಳು ಪರೀಕ್ಷೆಯ ಕಾಗದದಿಂದಾಚೆ ಎಲ್ಲಿ ಪ್ರಾಣದ ಪ್ರಶ್ನೆಯಾಗುತ್ತವೆಂದು ಹುಡುಕುತ್ತ ಹೋಗಿ ಜರ್ಮನಿಯ ಹಂದಿಬೇಟೆಯ ಬಳಿ ನಿಂತೆ. ಕಲಾವಿಭಾಗದವನಿಗೆ ಗಾಜಿನ ಗೊಡವೆ ಏಕೆಂದು ಕೇಳುವ ಮಿತ್ರರು ಸ್ವಲ್ಪ ತಾಳ್ಮೆಯಿಂದ ಓದಬೇಕು. ಇಲ್ಲಿ ಬೇಕಾಗುವುದು ಹೆಚ್ಚಿನಂಶ ಭಾಗಾಕಾರ ಮಾತ್ರ.

ಜರ್ಮನಿಯಲ್ಲಿ ಕಾಡುಹಂದಿಗಳು ಮುಸುಕಿನಜೋಳದ ಹೊಲಗಳಿಗೆ ನುಗ್ಗುವುದು ಹೆಚ್ಚಾಗಿ ರಾತ್ರಿಯ ಹೊತ್ತು. ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿದವನು ಅನೇಕ ಕಡೆ ರೈತನ ಬೆಳೆನಷ್ಟವನ್ನೂ ತುಂಬಿಕೊಡಬೇಕಾಗುತ್ತದೆ. ಆದುದರಿಂದ ಅವನು ಹೊಲದಂಚಿನ ಮರದ ಅಟ್ಟಣೆಯನ್ನೇರಿ ಬೆಳುದಿಂಗಳಲ್ಲಿ ಕಾಯುತ್ತಾನೆ. ಆ ದೇಶದ ಬೇಟೆಯ ಕಾನೂನು ಜಿಂಕೆ ಮೊದಲಾದ ಗೊರಸಿನ ಪ್ರಾಣಿಗಳನ್ನು ರಾತ್ರಿ ಹೊಡೆಯಕೂಡದೆನ್ನುತ್ತದೆ. ಹಂದಿಗೆ ಮಾತ್ರ ಆ ರಕ್ಷಣೆಯಿಲ್ಲ. ಸೂರ್ಯಾಸ್ತವಾಗಿ ಒಂದೂವರೆ ಗಂಟೆ ಕಳೆದಾಗಿನಿಂದ ಸೂರ್ಯೋದಯಕ್ಕೆ ಒಂದೂವರೆ ಗಂಟೆ ಉಳಿದಿರುವವರೆಗಿನ ಕಾಲವೇ ಕಾನೂನಿನ ರಾತ್ರಿ. ಅದೇ ಕಾನೂನಿನಂತೆ, ಮರಿಗಳು ಸ್ವತಂತ್ರವಾಗುವವರೆಗೆ ಅವನ್ನು ಸಾಕುವ ತಾಯಿಯನ್ನು ಹೊಡೆಯುವುದು ಅಪರಾಧ. ಎಂದಮೇಲೆ, ನೂರು ಗಜದಾಚೆ ಕಾಣುವ ಆ ಕಪ್ಪು ಮುದ್ದೆ ಒಂಟಿ ಗಂಡೋ, ಎತ್ತರದ ಹುಲ್ಲಿನಲ್ಲಿ ಮರಿಗಳನ್ನು ಹಿಂದಿಟ್ಟುಕೊಂಡು ಬಂದ ತಾಯಿಯೋ ಎಂಬುದು ಈಡು ಹಾರುವ ಮೊದಲೇ ತಿಳಿಯಬೇಕು. ಅಂದಾಜಿನಿಂದ ಹೊಡೆದರೆ ಮರಿಗಳು ತಬ್ಬಲಿಯಾಗುತ್ತವೆ. ಇಲ್ಲವೇ ಗಾಯಗೊಂಡ ಪ್ರಾಣಿ ಪೊದೆ ಸೇರಿ ನರಳುತ್ತ ಬಿದ್ದಿರುತ್ತದೆ.

ಇನ್ನು ದುರ್ಬೀನಿನ ಮಾತು. ಅದರ ಮೈಮೇಲೆ 8 × 56 ಎಂದು ಕೆತ್ತಿರುತ್ತದೆ ಎನ್ನೋಣ. ಮೊದಲ ಸಂಖ್ಯೆ ಬಿಂಬವು ಎಷ್ಟು ಪಟ್ಟು ಹಿಗ್ಗುವುದೆಂಬ ಲೆಕ್ಕ. ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 7 ಬರುವುದು. ಈ 7 ಏನೆಂದು ತಿಳಿಯಲು ಪುಸ್ತಕ ಬೇಡ. ಯಾವುದಾದರೂ ಜೋಡಿ ದುರ್ಬೀನನ್ನು, ಸೂರ್ಯನಿಲ್ಲದ ಕಡೆಯ ಆಕಾಶಕ್ಕೆ ಹಿಡಿದು, ಕಣ್ಣನ್ನು ಒಂದು ಮೊಳ ಹಿಂದೆ ಸರಿಸಿ ನೋಡಿರಿ. ಹಿಂದಿನ ಗಾಜಿನಲ್ಲಿ ದುಂಡನೆಯ ಬೆಳಕಿನ ಬಿಲ್ಲೆಯೊಂದು ತೇಲುತ್ತಿರುತ್ತದೆ. ಅದರ ಅಗಲವೇ ಆ ಭಾಗಾಕಾರದ ಉತ್ತರ. ಮುಂದಿನ ಮಸೂರ ಹಿಡಿದ ಬೆಳಕೆಲ್ಲ ಈ ಬಿಲ್ಲೆಯ ಮೂಲಕವೇ ಹೊರಬಂದು ನಮ್ಮ ಕಣ್ಣಿನ ಪಾಪೆಯೊಳಗೆ ಇಳಿಯಬೇಕು. ಹರೆಯದವರ ಪಾಪೆ ಕತ್ತಲಲ್ಲಿ ಸುಮಾರು 7 ಮಿಲಿಮೀಟರು ಅರಳುತ್ತದೆ. ಬಿಲ್ಲೆ ಅದಕ್ಕಿಂತ ದೊಡ್ಡದಾದರೆ ಮಿಕ್ಕ ಬೆಳಕು ಪಾಪೆಯ ಹೊರಗೆ ಬಿದ್ದು ವ್ಯರ್ಥ. ಚಿಕ್ಕದಾದರೆ ಬಿಂಬ ಮಂಕು.

ಇಲ್ಲಿಯೇ ತಿರುಳಿರುವುದು. ಎಷ್ಟೇ ಬೆಲೆಯ ಗಾಜಾದರೂ ಹೊಲವನ್ನು ಬರಿಗಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಬೆಳಗಿಸಿ ತೋರಿಸಲಾರದು. ಮುಂದಿನ ಮಸೂರ ಹೆಚ್ಚು ಬೆಳಕನ್ನು ಕೂಡಿಸುವುದು ನಿಜ. ಆದರೆ ಆ ಬೆಳಕು ಹಿಗ್ಗಿದ ಬಿಂಬದ ಮೇಲೆಲ್ಲ ಹರಡಿಹೋಗುತ್ತದೆ. ಲಾಭವಿರುವುದು ಬೇರೆ ಕಡೆ. 6 × 42 ಮತ್ತು 8 × 56 ಎರಡಕ್ಕೂ ಬಿಲ್ಲೆ 7 ಮಿಲಿಮೀಟರೇ, ಹೊಳಪು ಒಂದೇ. ಆದರೆ ಎರಡನೆಯದರಲ್ಲಿ ಪ್ರಾಣಿ ದೊಡ್ಡದಾಗಿ ಕಾಣುವುದು, ಮಬ್ಬಿನಲ್ಲಿ ಒರಟು ವಿವರಗಳನ್ನು ಮಾತ್ರ ಗ್ರಹಿಸಬಲ್ಲ ಕಣ್ಣಿಗೆ ಕಿವಿ, ಬೆನ್ನುಗೆರೆ, ಕಾಲಬಳಿ ಸುಳಿಯುವ ಮರಿ ತಿಳಿಯುವುದು. ಜರ್ಮನಿಯ ಅಟ್ಟಣೆಗಳಲ್ಲಿ 8 × 56 ಬಹುಕಾಲ ಮನ್ನಣೆ ಪಡೆದದ್ದು ಈ ಕಾರಣದಿಂದ.

ವಯಸ್ಸಿನ ವಿಷಯ ಎತ್ತಿದ್ದಕ್ಕೆ ನಮ್ಮ ಗುರುಗಳು ಕ್ಷಮಿಸಬೇಕು. ಐವತ್ತು ದಾಟಿದವರ ಪಾಪೆ ಕತ್ತಲಲ್ಲಿ ಸಾಮಾನ್ಯವಾಗಿ 5 ಮಿಲಿಮೀಟರಿನ ಆಸುಪಾಸಿಗೆ ನಿಂತುಬಿಡುತ್ತದೆ; ಒಬ್ಬರಿಂದೊಬ್ಬರಿಗೆ ಭೇದವೂ ಉಂಟು. 3ರಿಂದ 12ರವರೆಗೆ ಹಿಗ್ಗಿಸಬಲ್ಲ, 56 ಮಿಲಿಮೀಟರಿನ ದುರ್ಬೀನನ್ನು 12ಕ್ಕೆ ತಿರುಗಿಸಿದರೆ ಬಿಲ್ಲೆ 4.7ಕ್ಕೆ ಇಳಿಯುತ್ತದೆ. 7 ಮಿಲಿಮೀಟರಿನ ಪಾಪೆಯುಳ್ಳ ತರುಣನಿಗೆ ಹೊಳಪು ಶೇಕಡ 44ಕ್ಕೆ ಕುಸಿದರೆ, 5ರ ಪಾಪೆಯ ಹಿರಿಯನಿಗೆ ಆಗುವ ನಷ್ಟ ಅಲ್ಪ. ಹಿರಿಯರು ಹೆಚ್ಚಿನ ವರ್ಧನೆಯನ್ನು ಧೈರ್ಯವಾಗಿ ಬಳಸಬಹುದು. ದೊಡ್ಡ ಬಿಲ್ಲೆಗಾಗಿ ಹಣ ಸುರಿಯಬೇಕಾದುದಿಲ್ಲ.

ಮಾರುವವರು ‘ಮುಸ್ಸಂಜೆಯ ಅಂಕ’ವೊಂದನ್ನು ಮುಂದೆ ಮಾಡುತ್ತಾರೆ. ವರ್ಧನೆಯನ್ನೂ ವ್ಯಾಸವನ್ನೂ ಗುಣಿಸಿ ವರ್ಗಮೂಲ ತೆಗೆದರೆ ಅದು ಸಿದ್ಧ. 6 × 42ಕ್ಕೆ ಸುಮಾರು 16, 8 × 56ಕ್ಕೆ 21. ಒಳ್ಳೆಯದು. ಆದರೆ 20 × 20 ಎಂಬ ಹುಚ್ಚು ದುರ್ಬೀನಿಗೂ 20 ಅಂಕ ಬರುತ್ತದಲ್ಲ! ಅದರ ಬಿಲ್ಲೆ 1 ಮಿಲಿಮೀಟರು. ತರುಣನ ಕಣ್ಣಿಗೆ ದೊರೆಯುವ ಹೊಳಪು 49ರಲ್ಲಿ ಒಂದು ಪಾಲು. ಬಿಲ್ಲೆಯನ್ನು ಪಾಪೆಗೆ ಹೊಂದಿಸಿಕೊಂಡ ಮೇಲೆ ಮಾತ್ರ ಈ ಅಂಕಕ್ಕೆ ಬೆಲೆ. ಕೊಳವೆ ದಪ್ಪವಾದಷ್ಟೂ ಬೆಳಕು ಹೆಚ್ಚೆಂಬುದು ಇನ್ನೊಂದು ಪ್ರತೀತಿ. 30 ಮಿಲಿಮೀಟರಿನ ಕೊಳವೆಯಿಂದ ಗುರಿಯನ್ನು ಸರಿಪಡಿಸುವ ತಿರುಪಿಗೆ ಹೆಚ್ಚು ಆಟ ದೊರೆಯಬಹುದು, ಬೆಳಕು ಹೆಚ್ಚುವುದಿಲ್ಲ.

ಗಾಜಿನ ಲೇಪ ಮಾತ್ರ ನಿಜವಾದ ಉಪಕಾರಿ. ಲೇಪವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ಸುಮಾರು ಶೇಕಡ 4ರಷ್ಟು ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ. ಹತ್ತು ಮೈಗಳನ್ನು ದಾಟುವಷ್ಟರಲ್ಲಿ ಮೂರರಲ್ಲೊಂದು ಪಾಲು ಮಾಯ. ಸೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಕೂಲ 1935ರಲ್ಲಿ ಇದಕ್ಕೊಂದು ತೆಳುಲೇಪವನ್ನು ಕಂಡುಹಿಡಿದನು. ಇಂದಿನ ಉತ್ತಮ ದುರ್ಬೀನುಗಳು ಶೇಕಡ 90ರ ಸುತ್ತಮುತ್ತ ಬೆಳಕನ್ನು ಸಾಗಿಸುತ್ತವೆ. ಅಲ್ಲಿಂದಾಚೆ ಶೇಕಡ 2–3ಕ್ಕಾಗಿ ನಡೆಯುವ ಜಗಳ ಕಣ್ಣಿಗಿಂತ ಜಾಹೀರಾತಿಗೆ ಸೇರಿದ್ದು.

ಬಿಂಬ ಚೆನ್ನಾಗಿದ್ದು ಗುರಿಗೆರೆ ಕಾಣದಿದ್ದರೆ ಎಲ್ಲ ವ್ಯರ್ಥ. ಕೂದಲಿನಂಥ ಗೆರೆ ಹಂದಿಯ ಕಪ್ಪು ಮೈಮೇಲೆ ಕರಗಿಹೋಗುತ್ತದೆ. ಜರ್ಮನರ ‘ನಾಲ್ಕನೆಯ ನಂಬರಿನ’ ಗುರಿಗೆರೆಯಲ್ಲಿ ಎಡ, ಬಲ, ಕೆಳಗಿನಿಂದ ಮೂರು ದಪ್ಪ ಕಂಬಗಳು ಬಂದು ನಡುವೆ ಮಾತ್ರ ತೆಳುವಾದ ಕತ್ತರಿ ಉಳಿಯುತ್ತದೆ. ಕಂಬಗಳೇ ಕಣ್ಣನ್ನು ನಡುವಿಗೆ ಕರೆತರುತ್ತವೆ. ಈಗ ನಡುವಿನಲ್ಲಿ ಕೆಂಪು ಚುಕ್ಕೆ ಉರಿಯುವ ಬಗೆಯೂ ಬಳಕೆಯಲ್ಲಿದೆ. ಅದನ್ನು ಕಾಣುವಷ್ಟಕ್ಕೆ ಮಾತ್ರ ತಗ್ಗಿಸಿ ಇಡಬೇಕು. ಕತ್ತಲೆಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆ ಹಿಡಿಯುತ್ತದೆ. ಉರಿಯುವ ಚುಕ್ಕೆಯೊಂದು ಅದನ್ನು ಕ್ಷಣದಲ್ಲಿ ಕೆಡಿಸೀತು.

ಶಾಖವನ್ನು ಕಾಣುವ, ಬೆಳಕನ್ನು ವಿದ್ಯುತ್ತಿನಿಂದ ಹೆಚ್ಚಿಸುವ ಉಪಕರಣಗಳ ಕಥೆ ಬೇರೆ. 2020ರಲ್ಲಿ ಜರ್ಮನಿಯ ಆಯುಧ ಕಾನೂನು ಬೇಟೆಗಾರರಿಗೆ ಅಂಥವುಗಳನ್ನು ದುರ್ಬೀನಿಗೆ ಜೋಡಿಸಲು ದಾರಿ ತೆರೆಯಿತು. ಬಳಕೆಗೆ ಆಯಾ ರಾಜ್ಯದ ನಿಯಮವೂ ಒಪ್ಪಬೇಕು.

ನನ್ನನ್ನು ಕೇಳಿದರೆ, ಒಂದೇ ಕಡೆ ಕುಳಿತು ಕಾಯುವ ತರುಣನಿಗೆ 8 × 56; ಅದು ತೂಕ, ಕೋವಿಯ ಮೇಲೆ ಎತ್ತರಕ್ಕೆ ಕೂರುತ್ತದೆ, ಆದರೂ ಸರಿ. ನಡೆದಾಡುವವನಿಗೆ 6 × 42 ಸಾಕು. ಕೋವಿಯ ಬದಲು ಟಿಪ್ಪಣಿ ಪುಸ್ತಕ ಹಿಡಿದು ಮುಸ್ಸಂಜೆಯಲ್ಲಿ ಕೆರೆಯಂಚಿಗೆ ಹೋಗುವ ನಮ್ಮ ಮಿತ್ರರಿಗೂ ಇದೇ ಭಾಗಾಕಾರ: ತರುಣರಿಗೆ 7 × 50ರ ಜೋಡಿ ದುರ್ಬೀನು, ಅಧ್ಯಾಪಕರಿಗೆ 8 × 42.