ಒಂದೇ ಘಟನೆ ನೋಡಿದ ಇಬ್ಬರು ಮಕ್ಕಳು

*ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಪೂರ್ತಿ ಓದಿ* 🙏

ಬಿಲ್ಡಿಂಗ್ ಕೆಳಗೆ ಹೊಡೆದಾಟವಾಗಿ ಒಬ್ಬನಿಗೆ ಚಾಕು ಹಾಕಿದರು ಅಂತಿಟ್ಟುಕೊಳ್ಳಿ. ಅಕ್ಕ, ತಮ್ಮ ಇಬ್ಬರೂ ಬಾಲ್ಕನಿಯಿಂದ ನೋಡಿದ್ದಾರೆ. ವಾರ ಕಳೆದ ಮೇಲೆ ತಮ್ಮ ಸಣ್ಣದಕ್ಕೂ ರೇಗುತ್ತಾನೆ, ಶಾಲೆಯಲ್ಲಿ ಜಗಳ ಮಾಡಿಕೊಂಡು ಬರುತ್ತಾನೆ. ಅಕ್ಕ ಎಂದಿನಂತೆ ಓದುತ್ತಾಳೆ, ಏನೂ ಹೇಳುವುದಿಲ್ಲ. ನಾವು ತಮ್ಮನನ್ನು ಬೈಯುತ್ತೇವೆ, ಅಕ್ಕನನ್ನು "ಗಟ್ಟಿ ಹುಡುಗಿ" ಎನ್ನುತ್ತೇವೆ. ಎರಡೂ ತಪ್ಪಿರಬಹುದು.

ಬೇಗ ಗಾಬರಿಯಾಗುವ, ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುವ ಸ್ವಭಾವಕ್ಕೆ ಮನಶ್ಶಾಸ್ತ್ರದಲ್ಲಿ ‘ನ್ಯೂರೋಟಿಸಿಸಂ’ ಎನ್ನುತ್ತಾರೆ. ಇದು ಹೆಚ್ಚಿರುವ ಮಕ್ಕಳಿಗೆ ಹಿಂಸೆ ಕಂಡ ನಂತರ ಆತಂಕ, ಖಿನ್ನತೆ, ಪಿಟಿಎಸ್‌ಡಿ ಬರುವ ಸಾಧ್ಯತೆ ಹೆಚ್ಚು. ದುಡುಕು ಸ್ವಭಾವದವರಲ್ಲಿ ಅದೇ ಹೆದರಿಕೆ ಸಿಟ್ಟಾಗಿ ಹೊರಬರುವುದುಂಟು. ಒಳಗೇ ಇಟ್ಟುಕೊಳ್ಳುವವರಲ್ಲಿ ತಲೆನೋವು, ಹೊಟ್ಟೆನೋವು, ನಿದ್ದೆಗೇಡು. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಮನೆಯಲ್ಲಿ ಕೇಳಿಸಿಕೊಳ್ಳುವ ಒಬ್ಬ ಹಿರಿಯರಿದ್ದರೆ ಅಂಥ ಮಕ್ಕಳೂ ಚೇತರಿಸಿಕೊಳ್ಳುತ್ತಾರೆ.

ಪಕ್ಕದ ಮನೆ ಮಗುವಿಗೆ ಹೋಲಿಸಬೇಡಿ, ಘಟನೆಗೆ ಮೊದಲು ನಿಮ್ಮ ಮಗು ಹೇಗಿತ್ತು ಅನ್ನುವುದಕ್ಕೆ ಹೋಲಿಸಿ. ಮಾತಿನಮಲ್ಲಿ ಮೌನವಾದರೆ ತಕ್ಷಣ ಗೊತ್ತಾಗುತ್ತದೆ. ಮೊದಲೇ ಮೌನಿಯಾಗಿದ್ದವಳದ್ದು ಕಷ್ಟ. ಆ ದಾರಿ ಬಿಟ್ಟು ಸುತ್ತಿ ಹೋಗುವುದು, ಸದ್ದಿಗೆ ಬೆಚ್ಚುವುದು, ರಾತ್ರಿ ಲೈಟ್ ಆರಿಸಲು ಬಿಡದಿರುವುದು, ಇಂಥವನ್ನು ನೋಡಬೇಕು. ಊರಲ್ಲಾದರೆ ಅಜ್ಜಿಯೋ ಚಿಕ್ಕಮ್ಮನೋ ಗಮನಿಸುತ್ತಿದ್ದರು. ಇಲ್ಲಿ ಅಪ್ಪ ಅಮ್ಮ ಇಬ್ಬರೂ ಡ್ಯೂಟಿಗೆ ಹೋದರೆ ನೋಡುವವರಿಲ್ಲ.

"ಏನೇನು ನೋಡಿದೆ, ಹೇಳು" ಎಂದು ಒತ್ತಾಯಿಸಬೇಡಿ. ಚಪಾತಿ ಲಟ್ಟಿಸುವಾಗ ಜೊತೆಗೆ ಕೂರಿಸಿಕೊಳ್ಳಿ, ಮಾತು ತಾನಾಗಿ ಬರಲಿ. ಕೆಲವು ಮಕ್ಕಳಿಗೆ ಹೆದರಿಕೆ ಹೇಳಿಕೊಳ್ಳಲು ಕನ್ನಡವೇ ಬೇಕು, ಕೆಲವರಿಗೆ ಹಿಂದಿಯೋ ಮರಾಠಿಯೋ ಸಲೀಸು. ಆಗ ಮಾತ್ರ "ಮನೆಯಲ್ಲಿ ಕನ್ನಡ ಮಾತಾಡು" ಎನ್ನಬೇಡಿ. ಘಟನೆಯ ವಿಡಿಯೊ ಗ್ರೂಪಿಗೆ ಬಂದರೆ ಅಳಿಸಿ, ಮುಂದೆ ಕಳಿಸಬೇಡಿ. ನಿದ್ದೆ ಮಾತ್ರೆ ನೀವಾಗಿಯೇ ಕೊಡಬೇಡಿ.

ಮೊದಲ ಕೆಲವು ವಾರ ಹೀಗಾಗುವುದು ಸಹಜ. ಒಂದು ತಿಂಗಳು ದಾಟಿದರೂ ನಿದ್ದೆ, ಊಟ, ಓದು ಸರಿಹೋಗದಿದ್ದರೆ ಮನೋವೈದ್ಯರಿಗೆ ತೋರಿಸಿ. ಸಾಯುವ ಮಾತಾಡಿದರೆ, ಕೈ ಕೊಯ್ದುಕೊಂಡರೆ ಒಂದು ದಿನವೂ ಕಾಯಬೇಡಿ.

📞 ಟೆಲಿ ಮಾನಸ್ *14416*: ಉಚಿತ, 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.
📞 ಮಕ್ಕಳ ಸಹಾಯವಾಣಿ *1098*: ಹೊಡೆತ ಬಡಿತ ಮನೆಯೊಳಗೇ ನಡೆಯುತ್ತಿದ್ದರೆ ಮಗುವೇ ಕರೆ ಮಾಡಬಹುದು. ಈ ನಂಬರ್ ಮಕ್ಕಳಿಗೂ ಗೊತ್ತಿರಲಿ.