ಮಣ್ಣಿನ ಬಾಯಾರಿಕೆ ಅಳೆಯುವುದು ಹೇಗೆ?



ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಬಗ್ಗೆ ಒಂದು ಲೇಖನ ಬರೆದುಕೊಡು ಎಂದು ಮೇಷ್ಟ್ರು ಹೇಳಿದರು. ಬೇಸಿಗೆ ರಜೆಯಲ್ಲಿ ನಾನು ಬೆಂಗಳೂರಿನ ಬನಶಂಕರಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಲ್ಲಿ ಕಲಿತದ್ದನ್ನೂ, ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ ಇಲ್ಲಿ ಬರೆದಿದ್ದೇನೆ. ಓದಿ ನಗಬೇಡಿ. ನಕ್ಕರೂ ಪರವಾಗಿಲ್ಲ, ಕಡೇತನಕ ಓದಿ.

ತಾರಸಿ ಮೇಲಿನ ತೋಟ

ಬನಶಂಕರಿ, ಜಯನಗರ, ಜೆ.ಪಿ. ನಗರದ ಕಡೆ ಎಷ್ಟೋ ಮನೆಗಳಿಗೆ ನಮ್ಮೂರಿನ ಹಾಗೆ ಹಿತ್ತಲು ಇಲ್ಲ. ಅದಕ್ಕೇ ತಾರಸಿ ಮೇಲೆ ಕುಂಡ ಇಟ್ಟು ಗಿಡ ಬೆಳೆಸುತ್ತಾರೆ. ನಮ್ಮ ಚಿಕ್ಕಮ್ಮನ ತಾರಸಿಯಲ್ಲಿ 22 ಕುಂಡಗಳಿವೆ. ಟೊಮ್ಯಾಟೊ, ಮೆಣಸಿನಕಾಯಿ, ದೊಡ್ಡಪತ್ರೆ, ಕರಿಬೇವು, ತುಳಸಿ ಎಲ್ಲ ಉಂಟು. ಒಂದು ಕುಂಡದಲ್ಲಿ ದುಂಡು ಮಲ್ಲಿಗೆ ಇದೆ. ಅದನ್ನು ನಮ್ಮಜ್ಜಿ ನಮ್ಮ ಹಿತ್ತಲಿನಿಂದಲೇ ಕಡ್ಡಿ ಮುರಿದು, ಒದ್ದೆ ಬಟ್ಟೆ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗಿ ಕೊಟ್ಟಿದ್ದು.

ಅಲ್ಲಿ ನೀರು ಅಂದರೆ ಬಹಳ ಬೆಲೆ. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪಿನಲ್ಲಿ ಮೇಲಕ್ಕೆ ಎತ್ತಿಸಿಕೊಂಡು ಬರುತ್ತದೆ. 2024ರ ಬೇಸಿಗೆಯಲ್ಲಿ ಎಷ್ಟೋ ಕೊಳವೆ ಬಾವಿಗಳು ಬತ್ತಿಹೋದವು. ಆ ವರ್ಷ ಮಾರ್ಚ್ ತಿಂಗಳಲ್ಲಿ ಜಲಮಂಡಳಿಯವರು ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯುವುದಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಮಾಡಿದ್ದರು. ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತದ ನೀರು ಬಂತು. ಆದರೂ ಚಿಕ್ಕಮ್ಮ ಈಗಲೂ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಟ್ಟು ಗಿಡಕ್ಕೆ ಹಾಕುತ್ತಾರೆ. ಯಾವ ಕುಂಡಕ್ಕೆ ನೀರು ಬೇಕು, ಯಾವುದಕ್ಕೆ ಬೇಡ ಅಂತ ಗೊತ್ತಾದರೆ ಒಂದು ಚೊಂಬು ನೀರೂ ದಂಡವಾಗುವುದಿಲ್ಲ ಅಲ್ಲವೇ?

ಎರಡು ಕಾಲಿನ ಸೆನ್ಸರ್

ಚಿಕ್ಕಮ್ಮನ ಮಗ, ಅಂದರೆ ನನಗೆ ಅಣ್ಣ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. "ಬಾ, ಗಿಡಾನೇ ನೀರು ಕೇಳೋ ಹಾಗೆ ಮಾಡೋಣ" ಅಂದ. ಬನಶಂಕರಿಯಿಂದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಗೆ ಹೋದೆವು. ಅಲ್ಲಿ ಬರೀ ವೈರು, ಬಲ್ಬು, ಬೋರ್ಡುಗಳ ಅಂಗಡಿಗಳೇ! ಮಣ್ಣಿನ ತೇವ ಅಳೆಯುವ ಒಂದು ಸೆನ್ಸರ್ ತಂದೆವು. ಅಣ್ಣನ ಹತ್ತಿರ ಆರ್ಡುಯಿನೊ ಬೋರ್ಡು ಮೊದಲೇ ಇತ್ತು. ಆರ್ಡುಯಿನೊ ಅಂದರೆ ಅಂಗೈ ಅಗಲದ ಒಂದು ಪುಟ್ಟ ಕಂಪ್ಯೂಟರ್. ಇದನ್ನು 2005ರಲ್ಲಿ ಇಟಲಿ ದೇಶದ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳ ಕಲಿಕೆಗಾಗಿ ಮಾಡಿದರು.

ಈ ಸೆನ್ಸರ್ ಎರಡು ಹಲ್ಲಿನ ಬಾಚಣಿಗೆ ಥರ ಇರುತ್ತದೆ. ಇದು ಕೆಲಸ ಮಾಡುವ ರೀತಿ ಸುಲಭ. ಒದ್ದೆ ಮಣ್ಣಿನಲ್ಲಿ ಉಪ್ಪು, ಖನಿಜಗಳು ನೀರಿನಲ್ಲಿ ಕರಗಿರುತ್ತವೆ. ಆದ್ದರಿಂದ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಒಣ ಮಣ್ಣಿನಲ್ಲಿ ಹರಿಯುವುದಿಲ್ಲ. ಆರ್ಡುಯಿನೊ ಇದನ್ನು 0ಯಿಂದ 1023ರವರೆಗಿನ ಒಂದು ಅಂಕಿಯಾಗಿ ತೋರಿಸುತ್ತದೆ. ನಮ್ಮ ಸೆನ್ಸರಿನಲ್ಲಿ ಗಾಳಿಯಲ್ಲಿ ಹಿಡಿದರೆ 1023, ಆಗ ತಾನೇ ನೀರು ಹಾಕಿದ ಮಣ್ಣಿನಲ್ಲಿ ಸುಮಾರು 350 ಬಂತು. ಅಂಕಿ ಹೆಚ್ಚಿದ್ದರೆ ಒಣ, ಕಮ್ಮಿ ಇದ್ದರೆ ತೇವ. 700 ದಾಟಿದರೆ ಕೆಂಪು ದೀಪ ಹತ್ತುವ ಹಾಗೆ ಅಣ್ಣ ಮಾಡಿದ. ಕೆಂಪು ದೀಪ ಕಂಡರೆ ಒಂದು ಚೊಂಬು ನೀರು ಹಾಕುವುದು ನನ್ನ ಕೆಲಸ. ಸೆನ್ಸರನ್ನು ಅಜ್ಜಿಯ ಮಲ್ಲಿಗೆ ಕುಂಡಕ್ಕೇ ಚುಚ್ಚಿದೆವು.

ನನ್ನ ತಪ್ಪು

ಎರಡು ವಾರ ಎಲ್ಲ ಚೆನ್ನಾಗಿತ್ತು. ಮೂರನೇ ವಾರ ಕೆಂಪು ದೀಪ ಮತ್ತೆ ಮತ್ತೆ ಹತ್ತತೊಡಗಿತು. ಬೇಸಿಗೆ ಅಲ್ವಾ, ಬೇಗ ಒಣಗುತ್ತೆ ಅಂದುಕೊಂಡು ದಿನಕ್ಕೆ ಎರಡು ಸಲ, ಆಮೇಲೆ ಮೂರು ಸಲ ನೀರು ಹಾಕಿದೆ. ನೀರು ಹಾಕಿದರೂ ದೀಪ ಆರಲೇ ಇಲ್ಲ! ಎಲೆಗಳು ಹಳದಿಯಾದವು. ಹಳದಿಯಾಗಿದ್ದು ನೀರು ಸಾಲದೆ ಅಂತ ಇನ್ನೂ ಹಾಕಿದೆ. ಒಂದು ದಿನ ಕುಂಡದಿಂದ ಕೆಟ್ಟ ವಾಸನೆ ಬಂತು.

ಅಷ್ಟರಲ್ಲಿ ನನ್ನನ್ನು ಕರೆದುಕೊಂಡು ಹೋಗಲು ಅಜ್ಜಿ ಬಂದಿದ್ದರು. ಕುಂಡದ ಹತ್ತಿರ ಕೂತು ಬೆರಳಿನಿಂದ "ಡಬ್" ಅಂತ ತಟ್ಟಿದರು. ಎರಡು ಗೆಣ್ಣಿನವರೆಗೆ ಬೆರಳನ್ನು ಮಣ್ಣಿಗೆ ಇಳಿಸಿದರು. "ಅಯ್ಯೋ ಮಗಾ, ಇದು ಕೆಸರುಗದ್ದೆ ಆಗ್ಹೋಗದೆ. ಗಿಡ ಉಸಿರು ಕಟ್ಟಿ ಸಾಯ್ತಾ ಅದೆ" ಅಂದರು. ನನಗೆ ಅಳು ಬಂತು. ದೀಪ ಹೇಳಿದ ಹಾಗೇ ಮಾಡಿದ್ದೆನಲ್ಲ!

ಅಣ್ಣ ಸೆನ್ಸರ್ ಕಿತ್ತು ನೋಡಿದ. ಒಂದು ಕಾಲು ಸರಿಯಾಗಿತ್ತು. ಇನ್ನೊಂದು ಕಾಲಿನ ತಾಮ್ರ ಇಲಿ ಕಡಿದ ಹಾಗೆ ಸವೆದು, ಅಲ್ಲಲ್ಲಿ ಹಸಿರಾಗಿತ್ತು. ಕಾರಣ ಏನೆಂದರೆ, ಒದ್ದೆ ಮಣ್ಣಿನಲ್ಲಿ ಒಂದೇ ಕಡೆಗೆ ವಿದ್ಯುತ್ ಹರಿಯುತ್ತಲೇ ಇದ್ದರೆ ಧನ ತುದಿಯ ಲೋಹ ನಿಧಾನವಾಗಿ ಕರಗುತ್ತದೆ. ಲೋಹವೇ ಇಲ್ಲದ ಮೇಲೆ ವಿದ್ಯುತ್ ಹರಿಯುವುದು ಹೇಗೆ? ವಿದ್ಯುತ್ ಹರಿಯಲಿಲ್ಲ, ಅದಕ್ಕೇ ಸೆನ್ಸರ್ "ಮಣ್ಣು ಒಣಗಿದೆ" ಅಂತ ಸುಳ್ಳು ಹೇಳುತ್ತಿತ್ತು.

ಬೇರಿಗೂ ಗಾಳಿ ಬೇಕು

ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿವೆ. ಅದರಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಇರಬೇಕು. ಬೇರುಗಳೂ ಉಸಿರಾಡುತ್ತವೆ. ಎಲ್ಲ ಸಂದಿಗೂ ನೀರೇ ತುಂಬಿದರೆ ಗಾಳಿ ಹೊರಗೆ ಹೋಗುತ್ತದೆ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ. ಆದ್ದರಿಂದ ನೀರು ಹೆಚ್ಚಾದ ಗಿಡವೂ ನೀರಿಲ್ಲದ ಗಿಡದ ಥರವೇ ಬಾಡುತ್ತದೆ. ನಾನು ಮೋಸ ಹೋಗಿದ್ದು ಇಲ್ಲೇ.

ಇನ್ನೊಂದು ಬಗೆಯ ಸೆನ್ಸರ್

ಮಾರನೇ ದಿನ ಅಣ್ಣ ಬೇರೆ ಸೆನ್ಸರ್ ತಂದ. ಇದರ ಹೆಸರು ಕೆಪ್ಯಾಸಿಟಿವ್ ಸೆನ್ಸರ್. ಇದರಲ್ಲಿ ತಾಮ್ರ ಹೊರಗೆ ಕಾಣುವುದಿಲ್ಲ, ಮೇಲೆ ಬಣ್ಣದ ಪದರ ಇದೆ. ಮಣ್ಣಿನ ಮೂಲಕ ವಿದ್ಯುತ್ ಹರಿಯುವುದಿಲ್ಲ, ಆದ್ದರಿಂದ ಕಾಲು ಹಾಗೆ ಕರಗುವುದಿಲ್ಲ. ಇದು ಅಳೆಯುವುದು ಸುತ್ತಲಿನ ವಸ್ತು ಎಷ್ಟು ವಿದ್ಯುದಂಶವನ್ನು ಹಿಡಿದಿಟ್ಟುಕೊಳ್ಳಲು ನೆರವಾಗುತ್ತದೆ ಎಂಬುದನ್ನು. ಗಾಳಿಯ ಈ ಗುಣ 1 ಎಂದರೆ ಒಣ ಮಣ್ಣಿನದು 3ರಿಂದ 5, ನೀರಿನದು ಸುಮಾರು 80! ಆದ್ದರಿಂದ ಮಣ್ಣಿಗೆ ಸ್ವಲ್ಪ ನೀರು ಸೇರಿದರೂ ಅಂಕಿ ಬದಲಾಗುತ್ತದೆ.

ಹಳೇ ಬಗೆಯ ಸೆನ್ಸರೇ ಇದ್ದರೂ ಒಂದು ಉಪಾಯ ಇದೆ. ಯಾವಾಗಲೂ ವಿದ್ಯುತ್ ಕೊಡಬಾರದು. ಅರ್ಧ ಗಂಟೆಗೊಮ್ಮೆ ಒಂದು ಕ್ಷಣ ಕೊಟ್ಟು, ಅಂಕಿ ಓದಿ, ನಿಲ್ಲಿಸಬೇಕು. ಆಗ ಬಹಳ ದಿನ ಬಾಳುತ್ತದೆ. ನಾವು ಹಗಲೂ ರಾತ್ರಿ ಕೊಟ್ಟಿದ್ದೆವು.

ಲೆಕ್ಕ

ಹೊಸ ಸೆನ್ಸರ್ ಗಾಳಿಯಲ್ಲಿ 592, ಒಂದು ಲೋಟ ನೀರಿನಲ್ಲಿ 278 ತೋರಿಸಿತು. ಇವೆರಡರ ವ್ಯತ್ಯಾಸ 314. ಮಣ್ಣಿನಲ್ಲಿ 435 ಬಂದರೆ, 592 – 435 = 157. 157 ಅನ್ನು 314ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡ 50. ಆದರೆ ಸ್ನೇಹಿತರೇ, ಇದರರ್ಥ ಮಣ್ಣಿನಲ್ಲಿ ಅರ್ಧ ನೀರಿದೆ ಎಂದಲ್ಲ! ಗಾಳಿಗೂ ನೀರಿಗೂ ನಡುವೆ ಅಂಕಿ ಎಲ್ಲಿದೆ ಎಂದು ಅಷ್ಟೆ. ಕೆಮ್ಮಣ್ಣಿಗೆ ಒಂದು ಅಂಕಿ, ತೆಂಗಿನ ನಾರಿನ ಪುಡಿಗೆ ಇನ್ನೊಂದು. ಸೆನ್ಸರ್ ಸುತ್ತ ಮಣ್ಣು ಸಡಿಲವಾಗಿದ್ದರೂ ತಪ್ಪು ಬರುತ್ತದೆ. ಎರಡು ಕಾಲಿನ ಸೆನ್ಸರಿಗೆ ಗೊಬ್ಬರದ ಉಪ್ಪು ಹೆಚ್ಚಿದ್ದರೆ ತೇವ ಇಲ್ಲದಿದ್ದರೂ ತೇವ ಇದೆ ಅನ್ನಿಸುತ್ತದೆ.

ನಿಜವಾದ ನೀರು ತಿಳಿಯಲು ತಕ್ಕಡಿ ಬೇಕು. ಪ್ರಯೋಗಶಾಲೆಯಲ್ಲಿ ಮಣ್ಣನ್ನು ತೂಕ ಮಾಡಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 24 ಗಂಟೆ ಒಣಗಿಸಿ, ಮತ್ತೆ ತೂಗುತ್ತಾರೆ. 100 ಗ್ರಾಂ ಹಸಿ ಮಣ್ಣು ಒಣಗಿ 82 ಗ್ರಾಂ ಆದರೆ ಹೋದ ನೀರು 18 ಗ್ರಾಂ. 18 ಅನ್ನು ಒಣ ಮಣ್ಣಿನ 82ರಿಂದ ಭಾಗಿಸಿದರೆ ಸುಮಾರು ಶೇಕಡ 22.

ರೈತರಿಗೂ ಇಂಥ ಉಪಕರಣ ಇದೆ. ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆಯವರು ಮಣ್ಣಿಗೆ ಚುಚ್ಚಿದರೆ ಬಣ್ಣದ ದೀಪ ಹತ್ತುವ ಉಪಕರಣ ಮಾಡಿದ್ದಾರೆ. ನೀಲಿ ಹತ್ತಿದರೆ ನೀರು ಬೇಕಾದಷ್ಟಿದೆ, ಕೆಂಪು ಹತ್ತಿದರೆ ಬಹಳ ಒಣಗಿದೆ.

ನಮ್ಮ ಶಾಲೆಯಲ್ಲೇ ಮಾಡಿ ನೋಡಿ

ಆರ್ಡುಯಿನೊ ಇಲ್ಲದೆಯೂ ಮಾಡಬಹುದು.

ಬೇಕಾಗುವ ಸಾಮಾನುಗಳು: ಎರಡು ಕಬ್ಬಿಣದ ಮೊಳೆ, 9 ವೋಲ್ಟಿನ ಒಂದು ಬ್ಯಾಟರಿ, ಬಿಸಿ 547 ಟ್ರಾನ್ಸಿಸ್ಟರ್, ಒಂದು ಎಲ್‌ಇಡಿ ದೀಪ, 470 ಓಮ್ ಮತ್ತು 1,000 ಓಮ್ ರೆಸಿಸ್ಟರ್ ಒಂದೊಂದು, ವೈರು.

ಮಾಡುವ ವಿಧಾನ:
1. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಇರಲಿ. ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್.
2. ಬ್ಯಾಟರಿಯ ಧನ ತುದಿಯನ್ನು ಮೊದಲನೇ ಮೊಳೆಗೆ ಸೇರಿಸಿ. ಎರಡನೇ ಮೊಳೆಯನ್ನು 1,000 ಓಮ್ ರೆಸಿಸ್ಟರ್ ಮೂಲಕ ಬೇಸಿಗೆ ಸೇರಿಸಿ.
3. ಧನ ತುದಿಯಿಂದಲೇ 470 ಓಮ್ ರೆಸಿಸ್ಟರ್, ಅದರಿಂದ ದೀಪದ ಉದ್ದ ಕಾಲು. ಗಿಡ್ಡ ಕಾಲು ಕಲೆಕ್ಟರಿಗೆ.
4. ಎಮಿಟರನ್ನು ಬ್ಯಾಟರಿಯ ಋಣ ತುದಿಗೆ ಸೇರಿಸಿ.
5. ಮೊಳೆಗಳನ್ನು ಎರಡು ಬೆರಳು ಅಂತರದಲ್ಲಿ ಮಣ್ಣಿಗೆ ಚುಚ್ಚಿ. ಮೊಳೆಗೆ ಮೊಳೆ ತಾಗಬಾರದು.

ಮಣ್ಣು ತೇವ ಇದ್ದರೆ ದೀಪ ಉರಿಯುತ್ತದೆ, ಪೂರ್ತಿ ಒಣಗಿದ್ದರೆ ಉರಿಯುವುದಿಲ್ಲ. ಸ್ವಲ್ಪ ತೇವ ಇದ್ದರೂ ಉರಿಯಬಹುದು, ಆದ್ದರಿಂದ ಇದನ್ನು ಅಳತೆ ಅಂದುಕೊಳ್ಳಬೇಡಿ. ನೋಡಿದ ಮೇಲೆ ಬ್ಯಾಟರಿ ತೆಗೆದುಬಿಡಿ, ಇಲ್ಲದಿದ್ದರೆ ಮೊಳೆಗೂ ನಮ್ಮ ಸೆನ್ಸರಿನ ಗತಿಯೇ! ಮನೆಯ ಗೋಡೆಯ ಕರೆಂಟಿಗೆ ಇದನ್ನು ಎಂದಿಗೂ ಸೇರಿಸಬೇಡಿ. ಪ್ರಾಣಕ್ಕೇ ಅಪಾಯ.

ನೆನಪಿಡಿ

ದೀಪ ಒಂದು ಹೇಳಿದರೆ ಬೆರಳಿನಿಂದಲೂ ಒಮ್ಮೆ ಕೇಳಿ. ಅಜ್ಜಿ ಹೇಳಿದ ಮೂರು ಪರೀಕ್ಷೆ ಇವು: ಎರಡು ಗೆಣ್ಣು ಬೆರಳು ಇಳಿಸುವುದು, ಕುಂಡ ಎತ್ತಿ ಭಾರ ನೋಡುವುದು, ಮಣ್ಣಿನ ಕುಂಡವನ್ನು ತಟ್ಟುವುದು. ಒಣಗಿದ್ದರೆ "ಠಣ್" ಅನ್ನುತ್ತೆ, ಒದ್ದೆ ಇದ್ದರೆ "ಡಬ್" ಅನ್ನುತ್ತೆ.

ಮಲ್ಲಿಗೆ ಏನಾಯ್ತು ಅಂತ ಕೇಳುತ್ತೀರಿ. ದೊಡ್ಡ ಗಿಡ ಉಳಿಯಲಿಲ್ಲ. ಬೇರೆಲ್ಲ ಕಂದಾಗಿ ಕೈಗೆ ಬಂದುಬಿಟ್ಟಿತು. ಅಜ್ಜಿ ಹಸಿರಾಗಿದ್ದ ಮೂರು ಕಡ್ಡಿ ಕತ್ತರಿಸಿ ಮರಳಿನಲ್ಲಿ ನೆಟ್ಟರು. ಎರಡು ಒಣಗಿದವು. ಒಂದು ಚಿಗುರಿದೆ, ನಾಲ್ಕು ಎಲೆ ಬಂದಿದೆ ಎಂದು ಚಿಕ್ಕಮ್ಮ ಹೋದ ಭಾನುವಾರ ಫೋನಿನಲ್ಲಿ ಹೇಳಿದರು.

ನಮ್ಮ ಶಾಲೆಯ ಕೈತೋಟಕ್ಕೆ ನೀರು ಹಾಕುವ ಸರದಿ ಈ ತಿಂಗಳು ಏಳನೇ ತರಗತಿಯದು. ಶನಿವಾರ ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಕರಿಬೇವಿನ ಗಿಡದ ಹತ್ತಿರ ಮೊಳೆ ಪ್ರಯೋಗ ತೋರಿಸುತ್ತೇನೆ. ಎಲ್ಲರೂ ಬನ್ನಿ. ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಬೇಡುತ್ತೇನೆ.

ಉತ್ತರ ಬರೆದು ತನ್ನಿ
1. ಸೆನ್ಸರಿನ ಎರಡು ಕಾಲುಗಳಲ್ಲಿ ಒಂದೇ ಕಾಲು ಸವೆದದ್ದು ಏಕೆ?
2. ನೀರು ಹೆಚ್ಚಾದರೂ ಗಿಡ ಬಾಡುವುದು ಏಕೆ?
3. ನಮ್ಮ ಹೊಸ ಸೆನ್ಸರ್ 340 ತೋರಿಸಿದರೆ ಶೇಕಡ ಎಷ್ಟು?


ಏಳನೇ ತರಗತಿಯ ವಿದ್ಯಾರ್ಥಿನಿ