ಗಡಿಯ ಕೋಟೆ, ಕೋಟೆಯ ಒಕ್ಕಲು

ಅಮೆರಿಕದ ಚರಿತ್ರೆಯನ್ನು ಓದುವಾಗ ಗಡಿಕೋಟೆಗಳ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಪಶ್ಚಿಮದ ಬಯಲುಸೀಮೆಯಲ್ಲಿ 1834ರಲ್ಲಿ ತುಪ್ಪಳದ ವ್ಯಾಪಾರಕ್ಕೆಂದು ಎದ್ದ ಫೋರ್ಟ್ ಲಾರಮಿಯನ್ನು 1849ರಲ್ಲಿ ಅಲ್ಲಿಯ ಸೈನ್ಯ ಕೊಂಡುಕೊಂಡಿತು. ಹೊಸ ನೆಲವನ್ನರಸಿ ಬಂಡಿ ಹೂಡಿಕೊಂಡು ಹೊರಟ ಕುಟುಂಬಗಳಿಗೆ ಅದು ತಂಗುದಾಣವಾಯಿತು. 1890ರಲ್ಲಿ ಸೈನ್ಯ ಅದನ್ನು ಬಿಟ್ಟುಹೋಯಿತು. ವಲಸೆ ಬಂದ ಜನರು ಮಾತ್ರ ಆ ಸೀಮೆಯಲ್ಲಿ ಬೇರೂರಿದರು. ಈ ಪಾಠವನ್ನು ಓದುತ್ತಿದ್ದಾಗ ಪರ್ಕಳದವನಾದ ನನಗೆ ನೆನಪಾದುದು ನನ್ನ ಅಜ್ಜಿಯ ತವರೂರು ಹೊಸದುರ್ಗ. ನಮ್ಮ ಕರಾವಳಿಗೂ ಒಂದು ಗಡಿಯಿತ್ತು, ಗಡಿಗೆ ಕೋಟೆಗಳಿದ್ದವು, ಕೋಟೆಗಳಿಗೆ ಒಕ್ಕಲುಗಳಿದ್ದವು.

ಘಟ್ಟದ ಮೇಲಿನ ಬಿದನೂರಿನಿಂದ ಆಳುತ್ತಿದ್ದ ಕೆಳದಿಯ ನಾಯಕರಿಗೆ ಕರಾವಳಿಯ ಅಕ್ಕಿ, ಮೆಣಸು ಮತ್ತು ಬಂದರುಗಳೇ ಐಶ್ವರ್ಯದ ಮೂಲ. ತುಳುನಾಡಿಗೂ ಮಲೆಯಾಳಕ್ಕೂ ನಡುವಣ ಸೀಮೆಯೆಂದು ಹಿಂದಿನಿಂದಲೂ ಎಣಿಸಲ್ಪಟ್ಟಿದ್ದುದು ಚಂದ್ರಗಿರಿ ಹೊಳೆ. ಶಿವಪ್ಪ ನಾಯಕನ (1645-1660) ರಾಜ್ಯ ಅಲ್ಲಿಯವರೆಗೂ ಚಾಚಿತು. ಹೊಳೆಯ ದಡದ ಚಂದ್ರಗಿರಿ ಕೋಟೆಯನ್ನೂ ಅದರ ದಕ್ಷಿಣದ ಬೇಕಲ ಕೋಟೆಯನ್ನೂ ಅವನ ಹೆಸರಿನೊಡನೆಯೇ ಹೇಳುವುದು ವಾಡಿಕೆ. ಇನ್ನೂ ದಕ್ಷಿಣಕ್ಕಿರುವ ಹೊಸದುರ್ಗದ ಕೋಟೆಯನ್ನು ಸೋಮಶೇಖರ ನಾಯಕ ಕಟ್ಟಿಸಿದನೆನ್ನುತ್ತಾರೆ. ಒಂದೊಂದು ಕೋಟೆಯೂ ಗಡಿ ಮುಂದೆ ಸರಿದುದರ ಗುರುತು.

ಕಳೆದ ಬೇಸಿಗೆಯ ರಜೆಯಲ್ಲಿ ಬೇಕಲವನ್ನು ಕಣ್ಣಾರೆ ಕಂಡೆನು. ಸುಮಾರು 40 ಎಕರೆ ವಿಸ್ತಾರದ ಆ ಕೋಟೆ ಮುರಕಲ್ಲಿನದು. ಅದರೊಳಗೆ ಅರಮನೆಯಿಲ್ಲ. ಮೆಟ್ಟಿಲಿಳಿದು ಹೋಗುವ ಕೊಳ, ಮದ್ದಿನ ಮನೆ, ಎತ್ತರದ ಕಾವಲು ಬುರುಜು, ಅಂಕುಡೊಂಕಾದ ಬಾಗಿಲ ದಾರಿ, ಇವಿಷ್ಟೇ. ಗೋಡೆಯ ಗುಂಡಿನ ಕಂಡಿಗಳನ್ನು ನೋಡಿದರೆ ಕಟ್ಟಿದವರ ಜಾಣ್ಮೆ ತಿಳಿಯುತ್ತದೆ. ಮೇಲಿನ ಕಂಡಿ ದೂರದ ಶತ್ರುವಿಗೆ, ಅದರ ಕೆಳಗಿನದು ಸಮೀಪಿಸಿದವನಿಗೆ, ಎಲ್ಲಕ್ಕಿಂತ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಇದು ಅರಸನು ವಾಸಿಸಲು ಕಟ್ಟಿದ ಮನೆಯಲ್ಲ, ಕಾವಲಿಗಾಗಿಯೇ ಕಟ್ಟಿದ್ದು.

ಕಾಯುವವರು ಯಾರು? ನಾಯಕರು ಉತ್ತರದಿಂದ ಕನ್ನಡ ಮಾತನಾಡುವ ಯೋಧ ಕುಟುಂಬಗಳನ್ನು ಕರೆತಂದು ಕೋಟೆಗಳ ಸುತ್ತ ನೆಲೆಗೊಳಿಸಿದರೆಂಬುದು ಪರಂಪರೆಯ ಮಾತು. ಇಂದಿನ ರಾಮಕ್ಷತ್ರಿಯರಿಗೆ ‘ಕೋಟೆಯವರು’, ‘ಸೇರ್ವೆಗಾರರು’ ಎಂಬ ಹೆಸರುಗಳು ಬಂದುದು ಈ ಕೆಲಸದಿಂದಲೇ. ಆದರೆ ಅವರು ಬಂದಾಗ ಆ ನೆಲವೇನೂ ಬರಿದಾಗಿರಲಿಲ್ಲ. ಅಮೆರಿಕದ ಬಯಲಿನಲ್ಲಿ ಮೂಲನಿವಾಸಿಗಳಿದ್ದಂತೆ ಇಲ್ಲಿಯೂ ತುಳು, ಮಲೆಯಾಳ ಭಾಷೆಗಳ ಜನರು ಬೇಸಾಯ ಮಾಡಿಕೊಂಡಿದ್ದರು. ಅಲ್ಲಿ ಮೂಲನಿವಾಸಿಗಳು ನೆಲ ಕಳೆದುಕೊಂಡು ದೂರ ತಳ್ಳಲ್ಪಟ್ಟರು. ಇಲ್ಲಿ ಹಳಬರೂ ಹೊಸಬರೂ ನೆರೆಹೊರೆಯವರಾಗಿ ಉಳಿದರು. ಈ ವ್ಯತ್ಯಾಸವನ್ನು ಮರೆಯಬಾರದು.

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆ ಕಂಪನಿಯ ವಶವಾಯಿತು. ಕೋಟೆಗೆ ಕೆಲಸವಿಲ್ಲದಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಸೀಮೆ ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತಾದರೂ ಅದು ಕೈಗೂಡಲಿಲ್ಲ. ಆ ಶಿಫಾರಸಿನಲ್ಲಿಯೂ ಹೊಳೆಯ ದಕ್ಷಿಣಕ್ಕಿರುವ ಬೇಕಲ, ಹೊಸದುರ್ಗಗಳಿಗೆ ಎಡೆಯಿರಲಿಲ್ಲ. ಒಂದು ಕಾಲಕ್ಕೆ ಗಡಿಯನ್ನು ಕಾಯಲು ಬಂದವರು ತಾವೇ ಗಡಿಯ ಆಚೆ ಉಳಿದರು.

ಹೊಸದುರ್ಗದಲ್ಲಿ ಅಜ್ಜಿಯ ತಮ್ಮನ ಮನೆಯಲ್ಲಿ ಎರಡು ದಿನವಿದ್ದೆ. ಕೋಟೆಯಲ್ಲಿ ಈಗ ಉಳಿದಿರುವುದು ಕೆಲವು ದುಂಡು ಬುರುಜುಗಳು ಮತ್ತು ಗೋಡೆಯ ತುಂಡುಗಳು. ಅವನ್ನು ನೋಡಿ ಬಂದು, “ಅಜ್ಜಾ, ಕೋಟೆ ಹೆಚ್ಚು ಉಳಿಯಲಿಲ್ಲವಲ್ಲ” ಎಂದೆ. ಅವರು ನಕ್ಕು, “ಕೋಟೆ ನೋಡಲಿಕ್ಕೆ ಬಂದದ್ದಾ ಮಗಾ? ಕೋಟೆ ಹೋಯಿತು, ನಾವಿದ್ದೇವಲ್ಲ” ಎಂದರು. ಬಳಿಕ ಮರದ ಪೆಟ್ಟಿಗೆಯಿಂದ ಹಳೆಯ ತೀರ್ವೆ ರಶೀದಿಗಳನ್ನೂ ಜಾಗದ ಪತ್ರಗಳನ್ನೂ ತೆಗೆದರು. ಎಲ್ಲವೂ ಕನ್ನಡದವು. ಅವರ ಕಣ್ಣಿಗೆ ಈಗ ಅಕ್ಷರ ಕಾಣಿಸುವುದಿಲ್ಲ. ಮೊಮ್ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ. ಶಾಲೆಯಲ್ಲಿ ಕಲಿಯದ ಕಾರಣ ಓದಲಾರರು. “ಒಮ್ಮೆ ಗಟ್ಟಿಯಾಗಿ ಓದು” ಎಂದರು. ನಾನು ಓದುತ್ತಿದ್ದಂತೆ ಮಕ್ಕಳು ಸುತ್ತ ಬಂದು ಕುಳಿತರು. ತಮ್ಮ ಮುತ್ತಜ್ಜನ ಹೆಸರು ಬಂದಾಗ ಚಿಕ್ಕವಳು, “ಇನ್ನೊಮ್ಮೆ ಓದಿ, ಅಣ್ಣ” ಎಂದಳು.

ಬೇಕಲದ ಕಲ್ಲುಗಳನ್ನು ಕಾಪಾಡಲು ಪುರಾತತ್ವ ಇಲಾಖೆಯಿದೆ; ಅದು ಸಂತೋಷದ ವಿಷಯ. ಪೆಟ್ಟಿಗೆಯೊಳಗಿನ ಕಾಗದಗಳಿಗೆ ಆ ಮನೆಯವರ ಹೊರತು ಕಾವಲುಗಾರರಿಲ್ಲ. ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಕೋಟೆಯನ್ನು ಅಳೆದು ಹಿಂದಿರುಗಿದರೆ ಅರ್ಧ ಕೆಲಸ ಮಾಡಿದಂತೆ. ಅದರ ಬುಡದಲ್ಲಿರುವ ಮನೆಗಳ ಬಾಗಿಲನ್ನೂ ತಟ್ಟಬೇಕು. ಮುಂದಿನ ರಜೆಗೆ ಬರುತ್ತೇನೆಂದು ಆ ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಹೋಗುವಾಗ ಕನ್ನಡದ ಒಂದನೆಯ ಪಾಠಪುಸ್ತಕವನ್ನು ಕೊಂಡೊಯ್ಯಬೇಕೆಂದಿದ್ದೇನೆ.